ಅವನು ಕೇಳಿದ್ದು ಎರಡೇ ಗಂಟೆ

"ಸ್ವಲ್ಪ ಬಾಯಿ ಮುಚ್ತೀರಾ?"

ಹುಡುಗಿ ದಂಗಾದಳು! ಅಕ್ಕನನ್ನು ಬಿಟ್ಟರೆ ಇಷ್ಟು ವರ್ಷದಲ್ಲಿ ಯಾರೂ ಅವಳಿಗೆ ಹೀಗೆ ಮುಖಕ್ಕೆ ಹೊಡೆದ ಹಾಗೆ ಹೇಳಿರಲಿಲ್ಲ.

"ಏನಂದ್ರಿ?"

"ನೀವು ಮಾತಾಡಿದ್ರೆ ಚಿತ್ರ ನಡುಗುತ್ತೆ. ಅಲ್ಲಿ ನೋಡಿ."

ಕಿಟಕಿಯೇ ಇಲ್ಲದ ಕೋಣೆ. ನಡುವೆ ಆಳೆತ್ತರಕ್ಕಿಂತ ಎತ್ತರದ ಎಲೆಕ್ಟ್ರಾನ್ ಮೈಕ್ರೋಸ್ಕೋಪ್. ಪರದೆಯ ಮೇಲೆ ಅವಳು ತಿಂಗಳುಗಟ್ಟಲೆ ಕೂತು ತಯಾರಿಸಿದ ಇಂಗಾಲದ ಮಸಿಯ ಕಣಗಳು. ಒಂದು ಕೂದಲೆಳೆಯನ್ನು ಹತ್ತು ಸಾವಿರ ಸಲ ಸೀಳಿದರೆ ಎಷ್ಟು ಸಣ್ಣದಾಗುತ್ತೋ ಅಷ್ಟು ಸಣ್ಣ ಕಣಗಳು.

"ಇಷ್ಟು ದೊಡ್ಡ ಮೆಷಿನ್ನು ನನ್ನ ಮಾತಿಗೆಲ್ಲ ನಡುಗುತ್ತಾ?" ಅಂದಳು ಅವಳು.

ಪರದೆಯ ಮೇಲಿನ ಕಣಗಳೆಲ್ಲ ಗಡಗಡ ನಡುಗಿದವು! ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಅವನಿಗೆ ನಗು ಬಂತು. ಬಂದ ನಗುವನ್ನು ನುಂಗಿಕೊಂಡು ಗುಂಡಿಯ ಮೇಲೆ ಬೆರಳಿಟ್ಟ.

"ಉಸಿರು ಹಿಡೀರಿ... ಒಂದು... ಎರಡು... ಮೂರು. ಹಾಂ, ಈಗ ಬಿಡಿ."

ಚಿತ್ರ ಬಂದಿತ್ತು. ಕನ್ನಡಿಯಷ್ಟು ಸ್ಪಷ್ಟವಾಗಿ! ಆದರೆ ಹುಡುಗಿ ನೋಡಿದ್ದು ಚಿತ್ರವನ್ನಲ್ಲ. ಪರದೆಯ ಬೆಳಕು ಬಿದ್ದಿದ್ದ ಅವನ ಕೈಗಳನ್ನು. ಎಷ್ಟು ನಿಧಾನ... ಎಷ್ಟು ನಾಜೂಕು... ಒಂದು ಚೂರೂ ಗಡಿಬಿಡಿ ಇಲ್ಲದ ಕೈಗಳು.

'ಇಂಥ ಕೈ ಇರೋನು ಸುಳ್ಳು ಹೇಳಲಾರ' ಅಂತ ಅವಳಿಗೆ ಅನ್ನಿಸಿತು. ಆ ಮಾತನ್ನು ಅವಳು ಮುಂದೆ ಹೇಗೆ ಮರೆತಳು ಅನ್ನೋದೇ ಈ ಕಥೆ.

ಮೈಕ್ರೋಸ್ಕೋಪ್ ನಡೆಸುವ ಅವನಿಗೆ ಲ್ಯಾಬಿನವರೆಲ್ಲ ಇಟ್ಟಿದ್ದ ಹೆಸರು ಮೌನಿ. ಅವನು ಇವಳಿಗೆ ಇಟ್ಟ ಹೆಸರು ಮಾತಿನಮಲ್ಲಿ. ಪ್ರತಿ ಮಂಗಳವಾರ ಬೆಳಗ್ಗೆ ಹತ್ತಕ್ಕೆ ಅವಳ ಸರದಿ. ಒಂದು ವರ್ಷ, ಒಂದು ಮಂಗಳವಾರವೂ ಅವಳು ತಪ್ಪಿಸಲಿಲ್ಲ. ಜ್ವರ ಬಂದಾಗಲೂ ಮಾತ್ರೆ ನುಂಗಿ ಬಂದಿದ್ದಳು.

"ಇವತ್ತು ಸ್ಯಾಂಪಲ್ ಎಲ್ಲಿ?" ಅಂತ ಅವನು ಕೇಳಿದರೆ, "ಅಯ್ಯೋ, ಮರೆತು ಬಂದೆ!" ಅನ್ನುವಳು.

"ಮತ್ತೆ ಯಾಕೆ ಬಂದ್ರಿ?"

"ಸರದಿ ಬಿಟ್ಟುಕೊಡಬಾರದಲ್ಲ, ಅದಕ್ಕೆ."

ಅವನು ಮಾತಾಡದೆ ಫ್ಲಾಸ್ಕಿನಿಂದ ಅರ್ಧ ಚಹಾ ಬಗ್ಗಿಸಿ ಅವಳ ಕಡೆ ತಳ್ಳುವನು. ಅವಳ ಕುರ್ಚಿ ಗಟ್ಟಿ ಅಂತ ಎರಡನೇ ತಿಂಗಳಲ್ಲೇ ಒಂದು ಮೆತ್ತೆ ತಂದು ಹಾಕಿದ್ದ. ಅದನ್ನು ಅವಳು ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ.

ಕೊನೆಗೆ ಒಂದು ದಿನ ಪರದೆಯ ಕಡೆ ನೋಡುತ್ತಲೇ ಅವನು ಅಂದ, "ನಮ್ಮಮ್ಮ ಒಂದ್ಸಲ ನಿಮ್ಮನ್ನ ನೋಡಬೇಕಂತೆ. ಭಾನುವಾರ ಬಿಡುವಿದೆಯಾ?"

ಬಿಡುವಾ! ಹುಡುಗಿಗೆ ಅವತ್ತು ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಆದರೆ ಆ ಭಾನುವಾರ ಬರುವ ಮುಂಚೆ ಒಂದು ಮಂಗಳವಾರ ಬಂತು.

ಅವಳ ಕೆಲಸ ಏನು ಅಂತ ಇಲ್ಲಿ ಹೇಳಿಬಿಡಬೇಕು. ಬಣ್ಣದ ಕಾರ್ಖಾನೆಯಿಂದ ಹರಿಯುವ ಕೊಳಕು ನೀರಿಗೆ ಅವಳ ಮಸಿ ಒಂದು ಚಿಟಿಕೆ ಹಾಕಿ, ನಾಲ್ಕು ಹನಿ ಪೆರಾಕ್ಸೈಡ್ ಬಿಟ್ಟರೆ ಹತ್ತು ನಿಮಿಷದಲ್ಲಿ ನೀರು ತಿಳಿಯಾಗುತ್ತಿತ್ತು. ಕಬ್ಬಿಣ ಬೆರೆಸಿ ಈ ಕೆಲಸ ಯಾರು ಬೇಕಾದರೂ ಮಾಡುತ್ತಾರೆ, ಅದು ಮುದುಕರ ಕಾಲದ ವಿದ್ಯೆ. ಇವಳ ಹೆಚ್ಚುಗಾರಿಕೆಯೇ ಬೇರೆ. ಲೋಹದ ಸೋಂಕೇ ಇಲ್ಲದ ಬರೀ ಮಸಿ!

ಆ ಮಸಿಯನ್ನು ಅವಳು ಆಮ್ಲದಲ್ಲಿ ಕುದಿಸಿ ಮಾಡುತ್ತಿದ್ದಳು. ಪಾತ್ರೆಯ ತಳದಲ್ಲಿ ಒಂದು ಪುಟ್ಟ ಅಯಸ್ಕಾಂತ ಗಿರಗಿರ ತಿರುಗಿ ದ್ರಾವಣ ಕಲಕುತ್ತಿತ್ತು. ಬಿಳಿ ಪ್ಲಾಸ್ಟಿಕ್ ಹೊದಿಸಿದ, ಮಾತ್ರೆಯಷ್ಟು ಉದ್ದದ್ದು. ಮೊದಲ ಸಲ ಪ್ರಯೋಗ ಫಲಿಸಿದಾಗ ಪಾತ್ರೆಯಲ್ಲಿದ್ದದ್ದು ಅದೇ, ಹಾಗಾಗಿ ಆಮೇಲೂ ಅದೇ. ಅದಕ್ಕೆ ತಾತ ಅಂತ ಹೆಸರು ಬೇರೆ! ವಿಜ್ಞಾನಿಗಳಿಗೂ ಮೂಢನಂಬಿಕೆ ಇರುತ್ತಾ ಅಂತ ಕೇಳಬೇಡಿ. ನಿಮಗೂ ನನಗೂ ಇರೋದಕ್ಕಿಂತ ಜಾಸ್ತಿ ಇರುತ್ತೆ, ಒಪ್ಪಿಕೊಳ್ಳಲ್ಲ ಅಷ್ಟೇ.

ಆ ಮಂಗಳವಾರ ಅವನು ಪರದೆಯ ಮೇಲೆ ಬೆರಳಿಟ್ಟ.

"ಇಲ್ಲಿ ನೋಡಿ. ಕಪ್ಪು ಚುಕ್ಕಿ. ಇಲ್ಲೂ ಇದೆ. ಲೋಹ ಇರಬಹುದು."

"ಲೋಹ ಹೇಗೆ ಬರುತ್ತೆ? ನಾನು ಹಾಕೇ ಇಲ್ಲ!"

"ಎರಡು ಗಂಟೆ ಕೊಡಿ. ಯಾವ ಲೋಹ ಅಂತ ಇದೇ ಮೆಷಿನ್ನಲ್ಲಿ ನೋಡಿ ಹೇಳ್ತೀನಿ."

"ಎರಡು ಗಂಟೆ ಇಲ್ಲ ನನ್ನ ಹತ್ರ! ಮಧ್ಯಾಹ್ನದೊಳಗೆ ಪತ್ರಿಕೆಗೆ ಪ್ರಬಂಧ ಕಳಿಸಬೇಕು. ಇನ್ನೊಂದು ತಂಡ ಇದೇ ಕೆಲಸ ಮಾಡ್ತಿದೆ, ಅವರು ಮೊದಲು ಕಳಿಸಿದ್ರೆ ನನ್ನ ಮೂರು ವರ್ಷ ನೀರಲ್ಲಿ ಹೋಮ!"

"ತಪ್ಪು ಕಳಿಸೋದಕ್ಕಿಂತ ತಡವಾಗಿ..."

"ತಪ್ಪು ಸ್ಯಾಂಪಲ್ ಇಡೋ ನಿಮ್ಮ ಹೋಲ್ಡರಿನದು!" ಅವಳ ದನಿ ಏರಿತು. "ನೀವು ಸರಿಯಾಗಿ ತೊಳೆದಿಲ್ಲ."

"ತೊಳೆದಿದೀನಿ."

"ಹಾಗಾದ್ರೆ ನಿಮ್ಮ ಕೈಯೇ ಸರಿಯಿಲ್ಲ!"

ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದರು. ಇಡೀ ಲ್ಯಾಬಿನ ಮುಖ್ಯಸ್ಥರು. "ಏನು ಗಲಾಟೆ?" ಅಂದರು.

ಅವಳು ಅದನ್ನೇ ಇನ್ನೊಮ್ಮೆ ಹೇಳಿದಳು... ಸ್ಪಷ್ಟವಾಗಿ, ಗಟ್ಟಿಯಾಗಿ. ಮೇಷ್ಟ್ರು ಅವನನ್ನು ಒಂದು ಮಾತೂ ಕೇಳದೆ ಯಂತ್ರದ ದಾಖಲೆ ಪುಸ್ತಕ ತೆಗೆದು ಬರೆದರು, 'ಹೋಲ್ಡರ್ ಕೊಳಕು. ನಡೆಸುವವರ ಅಜಾಗರೂಕತೆ.'

ಅವನು ಅವಳ ಮುಖ ನೋಡಿದ. ಒಂದೇ ಒಂದು ಸಲ. ಆಮೇಲೆ ತನ್ನ ಕೈಗಳನ್ನು ನೋಡಿಕೊಂಡ.

ಊರಿಗೆಲ್ಲ ಒಂದು ನೆಪ ಸಿಕ್ಕಂತಾಯಿತು. ಯಾರ ಚಿತ್ರ ಕೆಟ್ಟರೂ ಮೌನಿಯ ಕೈಯೇ ಕಾರಣ! ಒಂದೇ ತಿಂಗಳಲ್ಲಿ ಅವನು ಕೆಲಸ ಬಿಟ್ಟ. ಆ ಭಾನುವಾರ ಬರಲೇ ಇಲ್ಲ. ಅವಳು ಒಮ್ಮೆ ಫೋನ್ ಮಾಡಿದಳು, ಆ ಕಡೆ "ಹಲೋ" ಅಂತ ಕೇಳಿಸಿದ ಕೂಡಲೇ ಇಟ್ಟುಬಿಟ್ಟಳು. ಸ್ವಾಭಿಮಾನ ಅಂತ ತನಗೆ ತಾನೇ ಹೇಳಿಕೊಂಡಳು. ಸುಳ್ಳು! ಅದು ಬರೀ ಹೆದರಿಕೆ.

ಯಾಕೆಂದರೆ ಅವಳು ಯಾರಿಗೂ ಹೇಳದ ಒಂದು ಮಾತಿತ್ತು. ಆ ಮಂಗಳವಾರ ಬೆಳಗ್ಗೆ ತಾತನನ್ನು ಪಾತ್ರೆಯಿಂದ ತೆಗೆದಾಗ ಬಿಳಿ ಮೈ ಒಂದು ಕಡೆ ಕಂದಾಗಿತ್ತು. 'ವಯಸ್ಸಾಯ್ತು ತಾತಂಗೆ' ಅಂತ ನಕ್ಕು ಜೇಬಿಗೆ ಹಾಕಿಕೊಂಡಿದ್ದಳು.

ಐದು ವರ್ಷ ಕಳೆಯಿತು. ಆ ಪ್ರಬಂಧ ಅವಳ ಕೈಹಿಡಿಯಿತು. ಹೊಸ ಕಟ್ಟಡ, ಸ್ವಂತ ಲ್ಯಾಬು, ಬಾಗಿಲ ಮೇಲೆ ಹೆಸರಿನ ಫಲಕ. ಬಣ್ಣದ ಕಾರ್ಖಾನೆಯಲ್ಲಿ ಅವಳ ಮಸಿಯಿಂದಲೇ ನೀರು ತೊಳೆಯುವ ದೊಡ್ಡ ತೊಟ್ಟಿ ಶುರುವಾಗೋದಿತ್ತು. ಅದಕ್ಕಾಗಿ ಹೊಸ ಲ್ಯಾಬಿನಲ್ಲಿ, ಹೊಸ ಪಾತ್ರೆಯಲ್ಲಿ, ಹೊಸ ಅಯಸ್ಕಾಂತ ಹಾಕಿ ಮಸಿ ಮಾಡಿದಳು.

ನೀರು ತಿಳಿಯಾಗಲಿಲ್ಲ.

ಇನ್ನೊಮ್ಮೆ ಮಾಡಿದಳು. ಇಲ್ಲ! ಮೂರು ವಾರ ಆಮ್ಲ ಬದಲಿಸಿದಳು, ಉರಿ ಬದಲಿಸಿದಳು, ಬಾಟಲಿ ಬದಲಿಸಿದಳು. ಜಪ್ಪಯ್ಯ ಅಂದರೂ ಬಣ್ಣ ಹೋಗಲಿಲ್ಲ. ಕೊನೆಗೆ ತಮಾಷೆಗೆ ಅನ್ನುವ ಹಾಗೆ, ಪೆನ್ನಿನ ಡಬ್ಬಿಯಲ್ಲಿ ನೆನಪಿಗೆ ಇಟ್ಟುಕೊಂಡಿದ್ದ ತಾತನನ್ನು ತೆಗೆದು ಪಾತ್ರೆಗೆ ಬಿಟ್ಟಳು.

ಆ ಸಲದ ಮಸಿ ಹಾಕಿದ ಹತ್ತೇ ನಿಮಿಷಕ್ಕೆ ನೀರು ತಿಳಿ!

"ಬಂತು!" ಅಂತ ಕೂಗಿದಳು. ಅರ್ಧ ನಿಮಿಷ ಕುಣಿದಳು ಕೂಡ. ಆಮೇಲೆ ಹಾಗೇ ಸ್ಟೂಲಿನ ಮೇಲೆ ಕುಸಿದಳು.

'ಬರಬಾರದಿತ್ತು... ತಾತ ಹಾಕಿದ್ರೆ ಮಾತ್ರ ಯಾಕೆ ಬರಬೇಕು?'

ಭೂತಗನ್ನಡಿಯಲ್ಲಿ ನೋಡಿದಳು. ಬಿಳಿ ಹೊದಿಕೆಯಲ್ಲಿ ಕೂದಲಿನಷ್ಟು ತೆಳ್ಳಗಿನ ಸೀಳು. ಅದರೊಳಗೆ ಕಂದು ಬಣ್ಣ. ತಾತನೊಬ್ಬನನ್ನೇ ಆಮ್ಲದಲ್ಲಿ ಹಾಕಿ ಕಾಯಿಸಿ, ಮಧ್ಯಾಹ್ನ ಆ ಆಮ್ಲಕ್ಕೆ ಕಬ್ಬಿಣ ಇದ್ದರೆ ಕೆಂಪಾಗುವ ದ್ರಾವಣ ಒಂದು ಹನಿ ಬಿಟ್ಟಳು.

ರಕ್ತದಂಥ ಕೆಂಪು.

ಇಷ್ಟೂ ವರ್ಷ ಅವಳ ಮಸಿಯೊಳಗೆ ಕೆಲಸ ಮಾಡಿದ್ದು ಸೀಳಿನಿಂದ ಸೋರಿದ ಕಬ್ಬಿಣ. ಅವನು ತೋರಿಸಿದ ಕಪ್ಪು ಚುಕ್ಕಿ ಅದೇ! ಅವನ ಹೋಲ್ಡರ್ ಶುದ್ಧವಾಗಿತ್ತು. ಅವನ ಕೈ...

ಅವಳು ಲ್ಯಾಬಿನ ಬಾಗಿಲು ಹಾಕಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

"ಉಪ್ಪು ತಿಂದವಳು ನೀರು ಕುಡೀಲೇಬೇಕು, ಪುಟ್ಟಿ," ಅಂದಳು ಅಕ್ಕ. ಒಗೆದ ಬಟ್ಟೆ ಮಡಿಸುತ್ತಾ, ತಲೆ ಎತ್ತದೆ.

"ಪ್ರಬಂಧ ವಾಪಸ್ ತಗೋತೀನಿ ಅಕ್ಕ. ಕಾಗದ ಬರೆದಾಗಿದೆ. ಕಾರ್ಖಾನೆಗೂ ಹೇಳಿಬಿಟ್ಟೆ. ಲ್ಯಾಬು ಹೋಗುತ್ತೆ, ಹೋಗ್ಲಿ. ಆದ್ರೆ ಅವನ ಹತ್ರ... ಹೇಗೆ ಹೋಗ್ಲಿ? ಯಾವ ಮುಖ ಇಟ್ಕೊಂಡು?"

"ಇರೋದೊಂದೇ ಮುಖ, ಅದನ್ನೇ ಇಟ್ಕೊಂಡು ಹೋಗು."

"ಕ್ಷಮಿಸು ಅಂತ ಕಾಲು ಹಿಡೀತೀನಿ..."

ಅಕ್ಕ ಆಗ ತಲೆ ಎತ್ತಿದಳು. "ಅದು ಬೇಡ. ನಿನ್ನ ಎದೆ ಹಗುರ ಮಾಡ್ಕೊಳ್ಳೋಕೆ ಅವನ ಎದೆ ಮೇಲೆ ಹೇರಬೇಡ. ಅವನದ್ದು ಏನು ಕಿತ್ಕೊಂಡಿದೀಯೋ ಅದನ್ನ ವಾಪಸ್ ಕೊಡು. ಅಷ್ಟು ಮಾಡು ಸಾಕು. ಕ್ಷಮಿಸೋದು ಬಿಡೋದು ಅವನ ಪಾಡು."

"ಅಕ್ಕಾ, ನಂಗೆ ಅವನಂದ್ರೆ ಇನ್ನೂ..."

"ಗೊತ್ತು ಕಣೇ! ಐದು ವರ್ಷದಿಂದ ಬಂದ ಸಂಬಂಧಕ್ಕೆಲ್ಲ ಮೂಗು ಮುರಿದ್ಯಲ್ಲ, ಅವತ್ತೇ ಗೊತ್ತಾಯ್ತು. ನಿಮ್ಮ ಭಾವಂಗೂ ಗೊತ್ತು. ಬೀದಿಗೆಲ್ಲ ಗೊತ್ತು!"

ಅಳುವಿನ ನಡುವೆಯೇ ಹುಡುಗಿಗೆ ನಗು ಬಂತು.

ಹಳೇ ಲ್ಯಾಬಿನ ಗುಮಾಸ್ತೆ ಅವನ ವಿಳಾಸ ಕೊಟ್ಟಳು. ಪೇಟೆ ಬೀದಿಯ ತಿರುವಿನಲ್ಲಿ ಒಂದು ಕನ್ನಡಕದ ಅಂಗಡಿ. ಗಾಜಿನ ಬಾಗಿಲು, ಗೋಡೆ ತುಂಬ ಫ್ರೇಮುಗಳು, ಒಳಗೆ ಲೆನ್ಸು ಉಜ್ಜುವ ಕಲ್ಲಿನ ಸದ್ದು.

ಅವನು ತಲೆ ಎತ್ತಿ ನೋಡಿದ. ಕಲ್ಲು ನಿಂತಿತು.

ಕಿವಿಯ ಪಕ್ಕ ಒಂದೆರಡು ನರೆಗೂದಲು. ಮುಖ ಅದೇ. ಏನೋ ಹೇಳುತ್ತಾನೆ ಅಂತ ಅವಳು ಕಾದಳು. ಅವನು ಕುರ್ಚಿ ತೋರಿಸಿದ.

"ಕೂತ್ಕೊಳ್ಳಿ. ಕಣ್ಣು ಪರೀಕ್ಷೆಗೆ ತಾನೇ?"

ಅಲ್ಲ ಅನ್ನದೆ ಕೂತಳು! ಅವನು ಭಾರದ ಕಬ್ಬಿಣದ ಚೌಕಟ್ಟು ಅವಳ ಮೂಗಿನ ಮೇಲಿಟ್ಟು ಲೆನ್ಸ್ ಹಾಕಿದ.

"ಕೊನೇ ಸಾಲು ಓದಿ."

"ಕಾಣ್ತಿಲ್ಲ."

ಇನ್ನೊಂದು ಲೆನ್ಸ್ ಹಾಕಿದ. "ಈಗ?"

"ಇನ್ನೂ ಮಂಜು ಮಂಜು..."

"ಅದು ಲೆನ್ಸಿನ ತಪ್ಪಲ್ಲ. ನೀವು ಅಳ್ತಿದೀರಿ."

ಆಗ ಅವಳಿಗೆ ಅವನ ಕೈ ಕಾಣಿಸಿತು, ಮುಖದ ಹತ್ತಿರವೇ. ಬೆರಳ ಸಂದಿಯೆಲ್ಲ ಒಣಗಿ ಬಿರುಕು ಬಿಟ್ಟಿತ್ತು. ಸೋಪು ನೀರಿನಲ್ಲೇ ಬದುಕುವವರ ಕೈ!

"ಇದೇನಿದು... ಕೈಗೆ ಏನಾಯ್ತು?"

"ತೊಳೆದು ತೊಳೆದು ಹಾಗಾಗಿದೆ," ಅಂದ ಅವನು, ಸಾಮಾನ್ಯ ಮಾತಿನ ಹಾಗೆ. "ಒಂದೊಂದು ಲೆನ್ಸೂ ಮೂರು ಸಲ ತೊಳೀತೀನಿ. ಮಾಲೀಕರು ನಗ್ತಾರೆ. ಮನೇಲಿ ಅಮ್ಮ ತೊಳೆದಿಟ್ಟ ಲೋಟಾನೂ ಮತ್ತೆ ತೊಳೀತೀನಿ. ನನ್ನ ಕೈ ಸರಿಯಿಲ್ಲವಲ್ಲ, ಅದಕ್ಕೆ."

ಇವನು ನಂಬಿಬಿಟ್ಟಿದ್ದ! ಅವಳು ಗಡಿಬಿಡಿಯಲ್ಲಿ ಬಿಸಾಡಿದ ಒಂದು ಸುಳ್ಳನ್ನು ಐದು ವರ್ಷ ನಿಜ ಅಂತ ನಂಬಿ ಬದುಕಿದ್ದ...

"ನಿಮ್ಮ ಕೈ ಸರಿಯಾಗೇ ಇತ್ತು!" ಅವಳು ಚೌಕಟ್ಟನ್ನು ಕಿತ್ತು ತೆಗೆದಳು. "ಹೋಲ್ಡರ್ ಶುದ್ಧವಾಗೇ ಇತ್ತು. ಕೊಳಕಾಗಿದ್ದಿದ್ದು ನನ್ನ ಪಾತ್ರೆ. ಅಯಸ್ಕಾಂತದ ಹೊದಿಕೆ ಸೀಳಿತ್ತು, ಕಬ್ಬಿಣ ಸೋರಿತ್ತು. ಆ ದಿನ ಬೆಳಗ್ಗೆ ಅದು ಕಂದಾಗಿದ್ದನ್ನ ನಾನು ಕಣ್ಣಾರೆ ನೋಡಿದ್ದೆ. ನೋಡಿ ಸುಮ್ಮನಿದ್ದೆ. ನೀವು ಎರಡು ಗಂಟೆ ಕೇಳಿದಾಗ ಕೊಡಲಿಲ್ಲ, ಯಾಕಂದ್ರೆ... ಯಾಕಂದ್ರೆ ನೀವು ಹೇಳಿದ್ದೇ ನಿಜ ಆಗಿಬಿಟ್ರೆ ಅನ್ನೋ ಭಯ."

ಅವನು ಎದ್ದುಹೋಗಿ ನಲ್ಲಿ ತಿರುಗಿಸಿ ಕೈ ತೊಳೆಯತೊಡಗಿದ. ಎಷ್ಟು ಹೊತ್ತು ತೊಳೆದನೋ ಅವನಿಗೇ ಗೊತ್ತಿಲ್ಲ. ಬೆನ್ನು ತಿರುಗಿಸಿಕೊಂಡೇ ಹೇಳಿದ:

"ನಿಮ್ಮ ಮೇಲೆ ನನಗೆ ಕೋಪ ಇರ್ಲಿಲ್ಲ, ಗೊತ್ತಾ? ನಿಮ್ಮ ಮೂರು ವರ್ಷದ ಶ್ರಮಾನ ಹಾಳು ಮಾಡ್ತಿದ್ದೆನಲ್ಲ ಅಂತ ನನ್ನ ಮೇಲೇ ಅಸಹ್ಯ ಆಗಿತ್ತು. ಅದಕ್ಕೇ ಮುಖ ತೋರಿಸಲಿಲ್ಲ." ನಲ್ಲಿ ನಿಲ್ಲಿಸಿದ. "ಕೋಪ ಇವತ್ತು ಬರ್ತಿದೆ."

"ಬರ್ಲಿ," ಅಂದಳು ಅವಳು.

"ತುಂಬಾ ಬರ್ತಿದೆ."

"ಬರ್ಲಿ. ನಾನು ಕ್ಷಮೆ ಕೇಳೋಕೆ ಬಂದಿಲ್ಲ. ಅಷ್ಟು ಯೋಗ್ಯತೆ ಇಲ್ಲ ನನಗೆ. ಅವತ್ತಿನ ಅದೇ ಸ್ಯಾಂಪಲ್ ಇನ್ನೂ ಹಾಗೇ ಇದೆ. ಡಬ್ಬಿ ಮೇಲೆ ನಿಮ್ಮದೇ ಅಕ್ಷರ ಇದೆ. ಮಂಗಳವಾರ ಹತ್ತು ಗಂಟೆಗೆ ಮೇಷ್ಟ್ರನ್ನ ಕರೆದಿದೀನಿ, ಲ್ಯಾಬಿನವರನ್ನೆಲ್ಲ ಕರೆದಿದೀನಿ. ಆ ಎರಡು ಗಂಟೆಯ ಪರೀಕ್ಷೆ ಅವರ ಮುಂದೆ ಆಗಬೇಕು. ಅದನ್ನ... ನಿಮ್ಮ ಕೈಯೇ ಮಾಡಬೇಕು."

"ನಾನು ಬರಲ್ಲ."

"ಸರಿ."

"ಆ ಕೋಣೆಗೆ ಕಾಲಿಡಲ್ಲ ನಾನು."

"ಸರಿ," ಅಂದು ಅವಳು ಹೊರಗೆ ಬಂದಳು. ಬೀದಿ ದಾಟುವಾಗ ಎರಡು ಸಲ ಹಾರ್ನ್ ಕೇಳಿಸಿದರೂ ಅವಳಿಗೆ ಎಚ್ಚರವಿರಲಿಲ್ಲ.

ಮಂಗಳವಾರ. ಹತ್ತು ಹೊಡೆಯಿತು. ಹತ್ತೂಕಾಲಾಯಿತು.

ಮೈಕ್ರೋಸ್ಕೋಪ್ ಕೋಣೆಯಲ್ಲಿ ಎಂಟು ಜನ ಇಕ್ಕಟ್ಟಾಗಿ ನಿಂತಿದ್ದರು. ತಲೆ ಪೂರ್ತಿ ಬೆಳ್ಳಗಾಗಿದ್ದ ಮೇಷ್ಟ್ರು ಮತ್ತೆ ಮತ್ತೆ ಗಡಿಯಾರ ನೋಡಿದರು. "ಅವನು ಬರಲ್ಲಮ್ಮ. ಬೇರೆಯವರ ಕೈಲಿ ಮಾಡ್ಸು."

"ಇನ್ನೈದು ನಿಮಿಷ ಮೇಷ್ಟ್ರೇ..."

'ಬರಲ್ಲ. ಯಾಕೆ ಬರಬೇಕು? ನಾನಾಗಿದ್ರೆ ಬರ್ತಿದ್ನಾ?'

ಬಾಗಿಲು ಸದ್ದಾಯಿತು.

"ಹೋಲ್ಡರ್ ಯಾರು ತೊಳೆದಿದ್ದು?"

ಮೌನಿ! ಅಂಗಡಿಯ ಏಪ್ರನ್ ಕೂಡ ಬಿಚ್ಚದೆ ಬಂದಿದ್ದ.

"ನಾ... ನಾನು," ಅಂದಳು ಅವಳು.

"ಕೊಡಿ ಇಲ್ಲಿ."

ಅವನು ಹೋಲ್ಡರನ್ನು ತೊಳೆದ. ಒರೆಸಿದ. ಎರಡನೇ ಸಲ ತೊಳೆಯಲು ಕೈ ತಾನಾಗಿಯೇ ಬಾಟಲಿಯ ಕಡೆ ಹೋಯಿತು, ಅರ್ಧಕ್ಕೇ ನಿಂತಿತು. ಅವನು ಒಂದು ಕ್ಷಣ ಆ ಕೈಯನ್ನು ನೋಡಿದ. ಬಾಟಲಿಯನ್ನು ಹಾಗೇ ಬಿಟ್ಟು ಬಂದು ಕುರ್ಚಿಯಲ್ಲಿ ಕೂತ.

ಅವಳು ಕಣ್ಣೀರು ಬರದ ಹಾಗೆ ತುಟಿ ಕಚ್ಚಿ ಹಿಡಿದಳು.

ಎರಡು ಗಂಟೆ ಅಂದರೆ ಸರಿಯಾಗಿ ಎರಡು ಗಂಟೆ. ಚುಕ್ಕಿ ಇದ್ದಲ್ಲೆಲ್ಲ ಪರದೆಯ ಮೇಲೆ ಗೆರೆ ಎದ್ದು ನಿಂತಿತು. ಕಬ್ಬಿಣ. ಜೊತೆಗೆ ನಿಕಲ್, ಕೋಬಾಲ್ಟ್. ತಾತನ ಹೊಟ್ಟೆಯೊಳಗಿನ ಅಯಸ್ಕಾಂತ ಆಗಿರುವುದೇ ಈ ಲೋಹಗಳಿಂದ! ಚುಕ್ಕಿ ಇಲ್ಲದ ಜಾಗದಲ್ಲಿ ಏನೂ ಇಲ್ಲ. ಹೋಲ್ಡರಿನಲ್ಲೂ ಇಲ್ಲ.

"ಎಲ್ಲರೂ ನೋಡಿದ್ರಲ್ಲ," ಅಂದಳು ಅವಳು. "ತಪ್ಪು ನನ್ನದು. ಇವರು ಐದು ವರ್ಷದ ಹಿಂದೆ ಇದನ್ನೇ ಹೇಳಿದ್ರು. ನಾನು ಕೇಳಲಿಲ್ಲ. ಇವರ ಕೈಗೆ ಹೆಸರಿಟ್ಟೆ. ನನ್ನ ಪ್ರಬಂಧ ವಾಪಸ್ ತಗೊಂಡಿದೀನಿ, ಯಾಕೆ ಅಂತ ಪತ್ರಿಕೆಗೂ ಬರೆದಿದೀನಿ."

ಮೇಷ್ಟ್ರು ಹಳೇ ದಾಖಲೆ ಪುಸ್ತಕ ತರಿಸಿದರು. ತಾವೇ ಬರೆದಿದ್ದ ಆ ಸಾಲು ಹೊಡೆದು ಹಾಕಿ, ಪಕ್ಕದಲ್ಲಿ ಸಹಿ ಮಾಡಿದರು.

"ಅವತ್ತು ನಾನು ನಿನ್ನನ್ನೂ ಒಂದು ಮಾತು ಕೇಳಬೇಕಿತ್ತಪ್ಪ," ಅಂದರು. ಅವನ ಹೆಗಲ ಮೇಲೆ ಕೈಯಿಡಲು ಹೋಗಿ, ಧೈರ್ಯ ಸಾಲದೆ ಹಿಂದಕ್ಕೆ ತೆಗೆದುಕೊಂಡು ಹೊರಟುಹೋದರು.

ಒಬ್ಬೊಬ್ಬರಾಗಿ ಎಲ್ಲರೂ ಹೋದರು.

ಇಬ್ಬರೇ ಉಳಿದರು. ಯಂತ್ರದ ಗುಂಯ್ ಸದ್ದು. ಪರದೆಯ ಮೇಲೆ ಆ ಕಪ್ಪು ಚುಕ್ಕಿಗಳು.

"ಕೊನೇ ಚಿತ್ರ ಒಂದು ಬಾಕಿ ಇದೆ," ಅಂದ ಅವನು, ತಿರುಗಿ ನೋಡದೆ. "ಉಸಿರು ಹಿಡೀರಿ."

ಅವಳು ಹಿಡಿದಳು.

"ಒಂದು... ಎರಡು... ಮೂರು. ಈಗ ಬಿಡಿ."

ಬಿಟ್ಟಳು. ಉಸಿರಿನ ಜೊತೆ ಅಳುವೂ ಬಂದುಬಿಟ್ಟಿತು! ಇಷ್ಟು ದಿನ ಹಿಡಿದಿಟ್ಟದ್ದೆಲ್ಲ ಕಟ್ಟೆ ಒಡೆದು ಹೊರಗೆ ಬಂತು. ಪರದೆಯ ಮೇಲೆ ಚುಕ್ಕಿಗಳು ಗಡಗಡ ನಡುಗಿದವು. ಅವಳು ಗಾಬರಿಯಿಂದ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.

"ಬೇಡ," ಅಂದ ಅವನು. ಅವಳ ಕೈಗಳನ್ನು ಮೆಲ್ಲಗೆ ಬಾಯಿಂದ ಸರಿಸಿದ. ಬಿರುಕು ಬಿಟ್ಟ, ನಿಧಾನದ ಕೈಗಳು. "ಚಿತ್ರ ಬಂದಾಯ್ತು. ಈಗ ಎಷ್ಟು ಬೇಕಾದ್ರೂ ನಡುಗ್ಲಿ."

"ಈ ಕೈ..." ಅವಳು ಅವನ ಬೆರಳನ್ನು ಕಣ್ಣಿಗೊತ್ತಿಕೊಂಡಳು. "ಈ ಕೈಗೆ ನಾನು... ಎಷ್ಟು ಪ್ರೀತಿಸ್ತಿದ್ದೆ ಇದನ್ನ! ಈಗ್ಲೂ ಪ್ರೀತಿಸ್ತೀನಿ. ಹೇಳೋ ಹಕ್ಕಿಲ್ಲ ನನಗೆ, ಆದ್ರೂ ಹೇಳಿಬಿಟ್ಟೆ."

ಅವನು ಇನ್ನೊಂದು ಕೈಯಿಂದ ಪರದೆ ಆರಿಸಿದ.

"ಲ್ಯಾಬ್ ಹೋಯ್ತಾ?" ಅಂತ ಕೇಳಿದ.

"ಹೋಯ್ತು. ಹಳೇ ಕಟ್ಟಡದಲ್ಲಿ ಒಂದು ಮೇಜು ಕೊಡ್ತಾರಂತೆ. ಮೊದಲಿಂದ ಶುರು ಮಾಡಬೇಕು."

"ಆ ತಾತನ್ನ ಎಸೀರಿ ಮೊದಲು."

ಅಳುತ್ತಳುತ್ತಲೇ ಅವಳು ನಕ್ಕಳು. "ಕ್ಷಮಿಸಿದ್ರಾ?"

"ಇಲ್ಲ." ಅವನು ತಲೆಯಾಡಿಸಿದ. ಆದರೆ ಕೈ ಬಿಡಿಸಿಕೊಳ್ಳಲಿಲ್ಲ. "ನಾನು ಕೇಳಿದ್ದು ಎರಡು ಗಂಟೆ, ನೀವು ತಗೊಂಡಿದ್ದು ಐದು ವರ್ಷ. ಕ್ಷಮಿಸೋಕೆ ನನಗೂ ಸ್ವಲ್ಪ ಟೈಮ್ ಕೊಡಿ."

"ಎಷ್ಟು ಬೇಕಾದ್ರೂ ತಗೊಳ್ಳಿ... ನಾನು ಎಲ್ಲಿ ಕಾಯ್ಲಿ?"

"ಅಂಗಡಿಗೆ ಬನ್ನಿ. ನಿಮ್ಮ ಕಣ್ಣು ಪರೀಕ್ಷೆ ಅರ್ಧಕ್ಕೇ ನಿಂತಿದೆ."

"ಆಮೇಲೆ?"

"ಆಮೇಲೆ ಭಾನುವಾರ ನಮ್ಮನೆಗೆ. ಅಮ್ಮ ಐದು ವರ್ಷದಿಂದ ಕೇಳ್ತಿದಾಳೆ, ಆ ಮಾತಿನಮಲ್ಲಿ ಯಾಕೋ ಬರಲೇ ಇಲ್ಲ ಅಂತ."

ಅವಳು ಏನೋ ಹೇಳಲು ಬಾಯಿ ತೆರೆದಳು. ಒಂದು ಅಕ್ಷರವೂ ಹೊರಡಲಿಲ್ಲ.

"ಏನು, ಮಾತೇ ಇಲ್ವಾ?" ಅಂದ ಅವನು.

"ಉಸಿರು ಹಿಡ್ಕೊಂಡಿದೀನಿ," ಅಂದಳು ಅವಳು.

"ಬಿಡಿ ಇನ್ನು."